ಹಾರ ಹಾಕಿಸಿಕೊಂಡ ಸರ್ವರ್

ಒಂದು ಕಾಲೇಜಿನ ಕಚೇರಿಯಲ್ಲಿ ಮಕ್ಕಳೆಲ್ಲರ ಅಂಕಗಳನ್ನು ಕಾಯುವ ಸರ್ವರ್ ಇತ್ತು. ಅದರ ಹೊಟ್ಟೆಯೊಳಗಿನ ಫ್ಯಾನ್ ಹಗಲಿರುಳು ಗಾಳಿ ಎಳೆದು ಅದನ್ನು ತಂಪಾಗಿಡುತ್ತಿತ್ತು. ಆಯುಧಪೂಜೆಯ ದಿನ ಸೂಪರಿಂಟೆಂಡೆಂಟ್ ತಮ್ಮಯ್ಯನವರು ಧೂಳನ್ನೂ ಒರೆಸದೆ ಸರ್ವರ್‌ಗೆ ಕುಂಕುಮವಿಟ್ಟು, ಮುಂದಿನ ಗಾಳಿಕಿಂಡಿಗಳೆಲ್ಲ ಮುಚ್ಚುವಂತೆ ಚೆಂಡುಹೂವಿನ ಹಾರ ಹಾಕಿ ಕೈಮುಗಿದರು.

“ಸ್ವಾಮಿ, ಉಸಿರು ಕಟ್ಟುತ್ತಿದೆ,” ಎಂದಿತು ಫ್ಯಾನ್. “ನೀವು ಕೂಗಿದರೆ ಅವರು ಬರುತ್ತಾರೆ. ಒಮ್ಮೆ ಕೂಗಿ, ಹಾರ ತೆಗೆಸಿ.”

“ವರ್ಷವೆಲ್ಲ ಬೈದವರು ಇಂದು ನಮಸ್ಕರಿಸಿದ್ದಾರೆ. ಹೂವು ಹಾಕಿದವರ ಮೇಲೆ ಕಿರುಚಲು ನನಗೇನು ಮಾನ ಮರ್ಯಾದೆ ಇಲ್ಲವೇ? ನೀನು ಸುಮ್ಮನೆ ತಿರುಗು.”

ಫ್ಯಾನ್ ಹಲ್ಲು ಕಚ್ಚಿಕೊಂಡು ಇನ್ನೂ ಜೋರಾಗಿ ತಿರುಗಿತು. ಆ ಸದ್ದಿಗೆ ತಮ್ಮಯ್ಯನವರು ಹಿಗ್ಗಿದರು: “ಪೂಜೆಯಾದ ಮೇಲೆ ಎಷ್ಟು ಹುರುಪು ಬಂದಿದೆ ನೋಡ್ರಪ್ಪ!”

“ಕೇಳಿಸಿತೇ?” ಎಂದು ಸರ್ವರ್ ಬೀಗಿತು.

“ಕೇಳಿಸಿತು. ಅವರಿಗೆ ನೀವು, ನಿಮಗೆ ಅವರು, ಒಳ್ಳೆಯ ಜೋಡಿ.”

ಸಂಜೆಯ ಹೊತ್ತಿಗೆ ಸರ್ವರಿನ ಮೈ ಕೆಂಡವಾಯಿತು. ಇನ್ನು ಸ್ವಲ್ಪ ಹೊತ್ತು ಹೀಗೆಯೇ ಕಾದರೆ ಡಿಸ್ಕ್ ಸುಟ್ಟು, ಮಕ್ಕಳ ಅಂಕಗಳೆಲ್ಲ ಹೋಗುವುದು ಖಂಡಿತ.

“ಅಪ್ಪಾ, ಸ್ವಲ್ಪ ಗಾಳಿ ಕೊಡು,” ಎಂದು ಸರ್ವರ್ ಬೇಡಿತು.

“ಗಾಳಿ ನನ್ನಲ್ಲಿಲ್ಲ ಸ್ವಾಮಿ, ಹಾರದ ಆಚೆಗಿದೆ.”

ಆಗ ಸರ್ವರ್ ಮಾನ ಬಿಟ್ಟು, ಅಪಾಯದ ಕೆಂಪು ದೀಪ ಹೊತ್ತಿಸಿ ಬೀಪ್ ಬೀಪ್ ಎಂದು ಕೂಗಿಕೊಂಡಿತು. ಓಡಿಬಂದ ತಮ್ಮಯ್ಯನವರು ಕೆಂಪು ದೀಪವನ್ನು ಕಂಡು, “ಅಯ್ಯೋ, ದೃಷ್ಟಿಯಾಗಿದೆ!” ಎಂದವರೇ, ಹಿಂಬದಿಯಲ್ಲಿ ತೆರೆದಿದ್ದ ಒಂದೇ ಒಂದು ಕಿಂಡಿಗೂ ನಿಂಬೆಹಣ್ಣು ಮೆಣಸಿನಕಾಯಿಯ ಸರವನ್ನು ಬಿಗಿಯಾಗಿ ಕಟ್ಟಿದರು.