ಇಬ್ಬನಿ ನಿಲ್ಲದ ಕಲ್ಲು

ಹೊಳೆ ದಂಡೇಲಿ ಒಂದು ಆಶ್ರಮ. ಆಶ್ರಮ ಅಂದ್ರೆ ಏನೋ ದೊಡ್ಡದು ಅನ್ಕೋಬ್ಯಾಡಿ. ಮೂರು ಹೆಂಚಿನ ಮನೆ, ಒಂದು ಹೊಂಗೆ ಮರ, ಮಿಕ್ಕಿದ್ದೆಲ್ಲಾ ಕೋಳಿ.

ಗುರು ಹೊನ್ನಾಜಮ್ಮ. ಎಲ್ರಿಗೂ ಅವ್ವ. ಬಾಯಲ್ಲಿ ಪಾಠ ಹೇಳಿದ್ದು ಕಮ್ಮಿ, ಕೋಳಿ ಸಾಕಿದ್ದೇ ಜಾಸ್ತಿ.

ಆ ಕೋಳಿಗಳು ಬಂದದ್ದು ಹಿಂಗೆ. ಮಾರಮ್ಮನಿಗೆ ಕೋಳಿ ಕೊಡ್ತೀನಿ ಅಂತ ಹರಕೆ ಹೊತ್ತೋರು, ಆಮೇಲೆ ಕುಯ್ಯೋಕೆ ಮನಸು ಬರ್ದೆ ಹೋದ್ರೆ, ತಂದು ಅವ್ವನ ಅಂಗಳದಲ್ಲಿ ಬಿಟ್ಟು ಕೈ ಮುಗ್ದು ಹೋಗೋರು. ಅವ್ವ ಕುಯ್ಯಲ್ಲ, ಮಾರಲ್ಲ. ಮೊಟ್ಟೆ ಸುತ್ತಲ ಊರಿನ ಬಾಣಂತಿಯರಿಗೆ. ಕೋಳಿ ಮುದಿಯಾಗಿ ತಾನಾಗೇ ಸಾಯೋವರ್ಗೂ ಅಲ್ಲೇ.

ಕೋಳಿ ಬಿಡೋಕೆ ಎಲ್ರೂ ಬರೋರು. ಒಂದು ಸೇರು ಕಾಳು ತರೋ ಹೊತ್ಗೆ ಮಾತ್ರ ಎಲ್ರಿಗೂ ಮನೇಲಿ ಕೆಲಸ.

ಮೇವಿನ ಜವಾಬ್ದಾರಿ ಜವರಾಯಿ ಅನ್ನೋ ಶಿಷ್ಯಂದು. ಆಳು ನೋಡುದ್ರೆ ಕಂಬ. ಎದೆ ಮಾತ್ರ ಗುಬ್ಬಚ್ಚೀದು. ಎಲೆ ಉದುರಿದ್ರೂ ತಿರುಗಿ ನೋಡೋನು.

ಹೆದರೋಕೆ ಅವ್ನಿಗೂ ಒಂದು ಕಾರಣ ಇತ್ತು ಅನ್ನಿ. ಹಿಂದಿನ ಮಳೇಲಿ ಹೊಳೆ ತುಂಬಿ ಹನ್ನೊಂದು ದಿನ ದಾರಿ ಮುಚ್ಚೋಗಿತ್ತು. ಮೇವಿನ ಗುಡಾಣ, ಆ ದೊಡ್ಡ ಮಡಕೆ, ಬರಿದು. ಹಸ್ದ ಕೋಳಿಗಳು ಒಂದರ ಪುಕ್ಕ ಒಂದು ಕಿತ್ತು, ರಕ್ತ ಕಂಡ ಕಡೆ ಕುಕ್ಕಿ ಕುಕ್ಕಿ, ಒಂಬತ್ತು ಸತ್ತೋದ್ವು. ಅವನ್ನ ಹೂತೋನು ಜವರಾಯಿ.

ಅವತ್ತಿಂದ ದಿನಕ್ಕೆ ಮೂರು ಸಲ ಗುಡಾಣದೊಳಗೆ ಬಗ್ಗಿ ತಳ ಕಾಣ್ತದಾ ಅಂತ ನೋಡೋನು.

ಒಂದಿನ ಕೇಳ್ದ. "ಅವ್ವಾ, ಎಷ್ಟು ಮೇವು ತುಂಬಿಸಿಟ್ರೆ ಸಾಕಾಗ್ತದೆ?"

ಅವ್ವ ಕಾಳಿನ ಕುಕ್ಕೇನ ಅಂಗಳದಲ್ಲಿ ಬೋರಲು ಹಾಕಿದ್ಲು. ಒಂದು ಕಪ್ಪು ಹ್ಯಾಟೆ ಕೋಳಿ ಓಡಿ ಬಂತು. ತಿಂತು. ಗಂಟಲ ಚೀಲ ತುಂಬ್ತಿದ್ದಂಗೆ ಕೊಕ್ಕನ್ನ ನೆಲಕ್ಕೆ ಉಜ್ಜಿ ಹೊಂಟೋಯ್ತು. ರಾಶಿ ಹಂಗೇ ಬಿದ್ದಿತ್ತು.

"ಅವಳ್ನ ಕೇಳು" ಅಂದ್ಲು ಅವ್ವ.

ಜವರಾಯಿ ತಲೆ ಆಡಿಸ್ದ. ತಲೆ ಆಡ್ತು, ಒಳಕ್ಕೇನೂ ಹೋಗ್ಲಿಲ್ಲ.

ದೀಪಾವಳಿ ಆದ ವಾರಕ್ಕೆ ಆಚೆ ಊರಿನ ಬಿಳೀಗೌಡ್ರು ಒಂದು ಗಾಡಿ ಮುಸುಕಿನ ಜೋಳ ಕಳಿಸಿದ್ರು. ಹತ್ತು ಮೂಟೆ, ಧರ್ಮಕ್ಕೆ. ಕುಯ್ಲಿನ ಹೊತ್ತಲ್ಲಿ ಮಳೆ ಹಿಡ್ದು ಅವ್ರ ಜೋಳ ಕಣದಲ್ಲೇ ನೆಂದಿತ್ತು, ವ್ಯಾಪಾರದೋರು ಬಂದು ಮೂಸಿ ನೋಡಿ ಹಂಗೇ ಗಾಡಿ ತಿರುಗಿಸಿದ್ರು ಅಂತ ಊರೆಲ್ಲಾ ಮಾತು. ತಮಗೆ ಬ್ಯಾಡದ್ದು ಎತ್ತಿ ಕೊಟ್ಟು ಪುಣ್ಯ ಕಟ್ಕೊಳ್ಳೋರು ಯಾವ ಊರಲ್ಲಿಲ್ಲ ಹೇಳಿ.

ಜವರಾಯಿ ಕಣ್ಣಿಗೆ ಕಂಡಿದ್ದು ಹತ್ತು ಮೂಟೆ. ಅಷ್ಟೇ.

ಮೇವು ಆರಿಸೋದು ಹೆಂಗೆ ಅಂತ ಅವ್ವ ಅವ್ನಿಗೆ ತೋರಿಸಿಕೊಟ್ಟಿದ್ಲು. ಮೊಣಕೈವರ್ಗೂ ಕೈನ ಮೂಟೆ ಹೊಟ್ಟೆಗೆ ಇಳಿಸ್ಬೇಕು. ಒಳಗೆ ತಣ್ಣಗಿರ್ಬೇಕು. ಅಲ್ಲಿಂದ ಕಾಳು ತೆಗ್ದು ಹಲ್ಲಿಗಿಕ್ಕಬೇಕು. ಕಟುಂ ಅಂದ್ರೆ ಒಣಗೈತೆ, ಇಡು. ಹಲ್ಲಿಗೆ ಮೆತ್ತಗೆ ಸಿಕ್ಕಿದ್ರೆ ಬಿಸ್ಲಿಗೆ ಹರವು. ಮುಗ್ಗು ವಾಸ್ನೆ ಬಂದ್ರೆ ಕೋಳಿ ಕಣ್ಣಿಗೂ ಬೀಳಿಸ್ಬ್ಯಾಡ.

ಜವರಾಯಿ ಮೊದಲ್ನೇ ಮೂಟೆ ಬಾಯಿ ಬಿಚ್ಚಿ, ಮೇಲಿಂದ ಒಂದು ಕಾಳು ತಗೊಂಡು ಕಡ್ದ. ದಾರಿಯುದ್ದ ಬಿಸ್ಲು ಕಾದಿದ್ದ ಕಾಳು. ಕಟುಂ ಅಂತು.

ಎರಡನೇ ಕಾಳಿಗೆ ಕೈ ಹಾಕ್ಲಿಲ್ಲ. ಅದು ಮೆತ್ತಗಿದ್ರೆ ಏನು ಗತಿ? ಹರವಬೇಕು. ಹರವಿದ್ರೆ ಇನ್ನೊಂದು ಮಳೆ ಬರಬೌದು. ಬ್ಯಾಡ ಅಂತ ಅವ್ವ ಗಾಡಿ ವಾಪಸ್ ಕಳಿಸಬೌದು. ಗುಡಾಣದ ತಳ ಮತ್ತೆ ಕಾಣಬೌದು.

"ಕಡ್ದು ನೋಡ್ದೇನ್ಲಾ?" ಅಂತ ಅವ್ವ ಕೇಳಿದ್ಲು.

"ಕಡ್ದೆ ಅವ್ವಾ."

ಸುಳ್ಳು ಅನ್ನೋಕಾಗಲ್ಲ. ನಿಜ ಅನ್ನೋಕೂ ಬಾಯಿ ಬರಲ್ಲ. ಅವ್ವ ಅವ್ನ ಮುಖಾನ ಸ್ವಲ್ಪ ಹೊತ್ತು ನೋಡಿ, ಕೋಳಿ ಕಡೆ ಹೊಂಟೋದ್ಲು.

ಅಂಗಳದ ಮೂಲೇಲಿ ಹಳೇ ಹಗೇವು ಇತ್ತು. ಹಿಂದೆ ರಾಗಿ ತುಂಬ್ತಿದ್ದ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಎರಡಾಳು ಆಳ. ಜವರಾಯಿ ತಳಕ್ಕೆ ಹುಲ್ಲು ಹಾಸಿ ಹತ್ತೂ ಮೂಟೆ ಸುರ್ದ. ಮೇಲೆ ಚಪ್ಪಡಿ ಎಳ್ದು, ಸುತ್ತ ಕೆಮ್ಮಣ್ಣು ಮೆತ್ತಿ, ಸಗಣಿ ಸಾರಿಸ್ದ. ಇರುವೆ ನುಸುಳೋಕೂ ಸಂದು ಬಿಡ್ಲಿಲ್ಲ.

ಅವತ್ತು ಒಂದು ಮುದ್ದೆ ಜಾಸ್ತಿ ಉಂಡ.

ಮಾಗಿ ಚಳಿ ಬಂತು. ಬೆಳಗಾದ್ರೆ ಹೆಂಚು, ಹುಲ್ಲು, ಹೊಂಗೆ ಎಲೆ, ಎಲ್ಲಾದ್ರ ಮೇಲೂ ಇಬ್ಬನಿ. ಹಗೇವಿನ ಚಪ್ಪಡಿ ಮೇಲೆ ಮಾತ್ರ ಒಂದು ಹನಿ ಇಲ್ಲ.

ಕೋಳಿಗಳಿಗೆ ಇದು ಎಲ್ರಿಗಿಂತ ಮುಂಚೆ ಗೊತ್ತಾಯ್ತು. ಹೊತ್ತು ಹುಟ್ಟೋ ಮುಂಚೇನೇ ಬಂದು ಆ ಕಲ್ಲಿನ ಮೇಲೆ ಒತ್ತೊತ್ತಾಗಿ ಕೂರೋವು, ರೆಕ್ಕೆ ಹರವ್ಕೊಂಡು, ಕಣ್ಣು ಮುಚ್ಕೊಂಡು.

ಮಂಚಮ್ಮ ನೋಡಿ ನಕ್ಕಿದ್ಲು. ಅವ್ಳೂ ಅಲ್ಲಿ ಶಿಷ್ಯೇನೇ. ಗಂಡ ಸತ್ತ ಮೇಲೆ ಬಂದು ಸೇರಿದೋಳು. ಕಡ್ಡಿಯಂಗವಳೆ, ಬಾಯಿಗೆ ಮಾತ್ರ ಬಾಗ್ಲಿಲ್ಲ. ನಿದ್ದೇಲೂ ಯಾರ ಮನೆ ಸುದ್ದೀನೋ ಹೇಳ್ತಿರೋಳು. ಜವರಾಯಣ್ಣ ಕೋಳಿಗೆಲ್ಲಾ ಒಲೆ ಹಾಕಿಕೊಟ್ಟವ್ನೆ, ನಮಗೂ ಒಂದು ಹಾಕಿಕೊಟ್ರೆ ಕೈ ಕಾಯಿಸ್ಕೋತೀವಿ ಅಂದ್ಲು.

ಜವರಾಯಿ ನಗ್ಲಿಲ್ಲ. ಅವ್ಳು ಅತ್ಲಾಗಿ ಹೋದ ಮೇಲೆ ಚಪ್ಪಡಿ ಮೇಲೆ ಅಂಗೈ ಇಟ್ಟ. ಜ್ವರ ಬಂದ ಕೂಸಿನ ಹಣೆ ಇದ್ದಂಗಿತ್ತು.

ನೆಂದ ಕಾಳು ಮುಚ್ಚಿಟ್ರೆ ಕಾವು ಕಟ್ತದೆ. ಅದು ಅವ್ನಿಗೆ ಗೊತ್ತಿತ್ತು. ಗೊತ್ತಿಲ್ಲ ಅಂತ ತನಗೆ ತಾನೇ ಹೇಳ್ಕೊಂಡ. ಕೋಳಿಗಳ್ನ ಹುಶ್ ಅಂತ ಓಡಿಸ್ದ. ಅವು ಹೋದಂಗೆ ಮಾಡಿ ತಿರುಗಿ ಬಂದು ಕೂತ್ವು.

ಸಂಕ್ರಾಂತಿ ಹೊತ್ಗೆ ಕಲ್ಲು ತಣ್ಣಗಾಯ್ತು. ಉಸಿರು ಬಿಡೋಣ ಅನ್ನೋ ಹೊತ್ಗೆ ವಾಸ್ನೆ ಶುರುವಾಯ್ತು. ಹುಳಿ ಹಿಟ್ಟಿಂದು ಅಂದ್ರೆ ಹಿಟ್ಟಿಂದು, ಅಲ್ಲ ಅಂದ್ರೆ ಅಲ್ಲ. ಜವರಾಯಿ ದಿನಾ ಬೆಳಿಗ್ಗೆ ಇನ್ನೊಂದು ಪದರ ಸಗಣಿ ಸಾರಿಸ್ದ. ಹಗೇವಿಗೇನು ಮದುವೆ ಗೊತ್ತಾಗೈತೇನಣ್ಣ, ಈ ಪಾಟಿ ಸಾರಿಸ್ತೀಯ ಅಂತ ಮಂಚಮ್ಮ ರೇಗಿಸಿದ್ಲು.

ಗುಡಾಣದಲ್ಲಿದ್ದ ಮೇವು ಮುಗೀತು. ಹಗೇವು ತೆಗ್ಯೋ ಬದ್ಲು ಜವರಾಯಿ ಮನೆ ಮನೆಗೆ ಹೋಗಿ ತೌಡು ಬೇಡ್ಕೊಂಡು ಬಂದ. ಆಶ್ರಮದ ನೆಲದೊಳಗೆ ಹತ್ತು ಮೂಟೆ ಜೋಳ ಅದೆ, ಇವ್ನು ನಮ್ಮನೆ ಎಮ್ಮೆ ತೌಡಿಗೆ ಜೋಳಿಗೆ ಹಿಡೀತಾನೆ ಅಂತ ಹೆಂಗಸ್ರು ಮುಸಿ ಮುಸಿ ನಕ್ಕರು.

ಬರೀ ತೌಡಲ್ಲಿ ಕೋಳಿ ಎಷ್ಟು ದಿನ ಇರ್ತದೆ. ಮೊಟ್ಟೆ ಕಮ್ಮಿ ಆಯ್ತು. ಇಟ್ಟ ಮೊಟ್ಟೇಗೂ ಸಿಪ್ಪೆ ಕಟ್ಲಿಲ್ಲ, ಬರೀ ಪೊರೆ.

ಅವ್ವ ಅಂಥದ್ದೊಂದು ಮೊಟ್ಟೆ ತಂದು ಜವರಾಯಿ ಅಂಗೈಲಿಟ್ಲು. ಅವ್ನು ಬೆರಳು ಮಡಚಿದ್ದೇ ಪೊರೆ ಒಡೀತು. ಬೆರಳ ಸಂದಿಯಿಂದ ಹಳದಿ ಸೋರ್ತು.

"ನಾಳೆ ಹಗೇವು ತೆಗಿ. ಮಂಚಿ ಇಳೀಲಿ, ನೀನು ಮೇಲಿಂದ ಕಾಳಿನ ಮಂಕರಿ ಎಳ್ಕೋ."

ಹಗೇವು ತೆಗ್ಯೋಕೆ ಒಂದು ಕ್ರಮ ಐತೆ. ಬೆಳಿಗ್ಗೆ ಚಪ್ಪಡಿ ಸರಿಸ್ಬೇಕು. ಹೊತ್ತು ನೆತ್ತಿಗೆ ಬರೋವರ್ಗೂ ಗಾಳಿ ಆಡೋಕೆ ಬಿಡ್ಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸ್ಬೇಕು. ತಳದ ತನಕ ದೀಪ ಉರಿದ್ರೆ ಆಳು ಇಳೀಬೌದು. ಆರಿದ್ರೆ ಯಾರೂ ಆ ಕಡೆ ಕಾಲಿಡಂಗಿಲ್ಲ. ಒಳಗಿನ ಕೆಟ್ಟ ಗಾಳಿ ಕಣ್ಣಿಗೆ ಕಾಣಲ್ಲ. ಇಳಿದೋರಿಗೆ ಕೂಗೋಕೂ ಬಿಡುವು ಕೊಡಲ್ಲ. ಬಿಳೀಗೌಡ್ರ ಊರಲ್ಲೇ ಅಣ್ಣ ಬಿದ್ದ ಅಂತ ಎತ್ತೋಕೆ ಇಳಿದ ತಮ್ಮ, ಇಬ್ರೂ ಒಟ್ಗೇ ಹೋಗಿದ್ರು.

ಮಾರನೇ ದಿನ ಹೊತ್ತು ಹುಟ್ಟಿದ ಗಳಿಗೇಲಿ ಜವರಾಯಿ ಒಬ್ನೇ ಬಂದು ಚಪ್ಪಡಿ ಸರಿಸ್ದ.

ವಾಸ್ನೆ ಮುಖಕ್ಕೆ ಹೊಡೀತು. ಒಳಗೆ ಕಪ್ಪು. ಆ ಕಪ್ಪು ತನ್ನನ್ನೇ ನೋಡ್ತೈತೆ ಅನ್ನಿಸ್ತು ಅವ್ನಿಗೆ.

ಕೈಲಿ ಹಗ್ಗ ಇತ್ತು, ದೀಪ ಇತ್ತು, ಕಡ್ಡಿಪೆಟ್ಟಿಗೆ ಇತ್ತು. ಕಡ್ಡಿ ಗೀರ್ಲಿಲ್ಲ. ದೀಪ ಆರಿದ್ರೆ ಎಲ್ಲಾ ಹೊರಗೆ ಬತ್ತದೆ. ಹತ್ತು ಮೂಟೆಗೆ ಒಂದೇ ಕಾಳು ಕಡ್ದದ್ದು ಬತ್ತದೆ. ಅವ್ವ ಹೋಗು ಅಂತಾಳೆ. ಹೋಗೋಕೆ ಅವ್ನಿಗೆ ಈ ಅಂಗಳ ಬಿಟ್ರೆ ಭೂಮಿ ಮೇಲೆ ಇನ್ನೊಂದು ಜಾಗ ಇರ್ಲಿಲ್ಲ.

ಹಂಗೇ ನಿಂತಿದ್ದ. ಹೊತ್ತು ನೆತ್ತಿಗೆ ಬಂತು.

ಮಂಚಮ್ಮ ಕಚ್ಚೆ ಬಿಗ್ದು ಮಂಕರಿ ಹಿಡ್ಕೊಂಡು ಬಂದ್ಲು.

"ದೀಪ ಇಳಿಸಿದ್ದಾಯ್ತಾ ಅಣ್ಣ?"

ಇಲ್ಲ ಅನ್ನೋಕೆ ಅಂತ್ಲೇ ಬಾಯಿ ತೆರೆದ.

"ಆಯ್ತು" ಅಂದ.

"ಉರೀತಾ?"

"ಉರೀತು."

ಅವ್ಳು ಇನ್ನೊಂದು ಮಾತು ಕೇಳ್ಲಿಲ್ಲ. ಹಗೇವಿನ ಅಂಚಲ್ಲಿ ಕೂತು ಕಾಲು ಇಳಿಬಿಟ್ಲು. ಗೋಡೇಲಿ ಕಾಲಿಡೋಕೆ ಕೊರ್ದಿದ್ದ ಗುಳಿಗೆ ಒಂದು ಕಾಲು ಕೊಟ್ಟು, ಇನ್ನೊಂದು ಕಾಲು ಕೊಟ್ಟು ಇಳಿದ್ಲು. ಸೊಂಟದವರ್ಗೆ. ಎದೆಯವರ್ಗೆ. ಬಾಯಿ ಮಾತ್ರ ಸುಮ್ನಿರ್ಲಿಲ್ಲ. ಬಿಳೀಗೌಡ್ರ ಹೆಂಡ್ತಿ ಗಾಡಿ ಜೋಳ ಕೊಟ್ಟು ಮೂಟೆ ಚೀಲ ವಾಪಸ್ ಕಳಿಸಿ ಅಂತ ಮೂರು ಸಲ ಆಳು ಕಳಿಸಿದ್ದು, ಆ ಚೀಲದಲ್ಲೂ ಎರಡು ತೂತು ಇದ್ದದ್ದು, ಎಲ್ಲಾ ಹೇಳ್ತಾನೇ ಇದ್ಲು. ತಲೆ ಅಂಚಿಂದ ಕೆಳಗೆ ಹೋಯ್ತು. ಮಾತು ಇನ್ನೂ ಕೇಳ್ತಿತ್ತು.

"ಆ ಮೂದೇವಿ ಏನಂದ್ಲು ಗೊತ್ತಾ, ಚೀಲ ನಮ್ಮ ಅತ್ತೆ ಕಾಲ..."

ಮಾತು ನಿಂತೋಯ್ತು.

ಮಂಚಮ್ಮನ ಮಾತು ನಡುವೆ ನಿಂತದ್ದನ್ನ ಆ ಆಶ್ರಮದಲ್ಲಿ ಯಾರೂ ಕೇಳಿರ್ಲಿಲ್ಲ.

ಅಂಚು ಹಿಡ್ದಿದ್ದ ಅವ್ಳ ಬೆರಳು ಒಂದೊಂದಾಗಿ ಬಿಡ್ತಿದ್ವು. ಜವರಾಯಿ ನೆಲಕ್ಕೆ ಬಿದ್ದು ಆ ಮಣಿಕಟ್ಟು ಹಿಡ್ದ. ಇನ್ನೊಂದು ಕೈ ಒಳಗೆ ತೂರಿಸಿ, ತುರುಬು ಸಿಕ್ತು, ತುರುಬು ಹಿಡ್ದ. ಉಸಿರು ಕಟ್ಟಿ ಎಳ್ದ. ಮೇಲೆ ಬಂದೋಳ ತುಟಿ ನೇರಳೆ ಹಣ್ಣಾಗಿತ್ತು. ಕಣ್ಣು ತೆರ್ದೇ ಇತ್ತು, ಏನನ್ನೂ ನೋಡ್ತಿರ್ಲಿಲ್ಲ.

ಅವ್ನು ಅವ್ಳ ಬೆನ್ನಿಗೆ ಗುದ್ದಿದ. ಕೆನ್ನೆಗೆ ಬಡ್ದ. ಅಷ್ಟು ಹೊತ್ತು ಅವ್ನಿಗೆ ಅವ್ವ ನೆನಪಾಗ್ಲಿಲ್ಲ, ಗುಡಾಣ ನೆನಪಾಗ್ಲಿಲ್ಲ.

ಕೊನೆಗೆ ಅವ್ಳು ಕೆಮ್ಮಿದ್ಲು. ವಾಂತಿ ಮಾಡ್ಕೊಂಡ್ಲು. ಉಸಿರಾಡಿದ್ಲು.

ತಲೆ ಎತ್ತಿದ್ರೆ ಅವ್ವ ನಿಂತಿದ್ಲು.

ನೆಲದ ಮೇಲಿದ್ದ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸಿದ್ಲು. ಒಂದು ಮೊಳ ಇಳೀತು. ಯಾರೋ ಬೆರಳಲ್ಲಿ ಚಿವುಟಿದಂಗೆ ಆರೋಯ್ತು. ಎಳ್ದು ಮತ್ತೆ ಹಚ್ಚಿ ಇಳಿಸಿದ್ಲು. ಆರ್ತು. ಮೂರನೇ ಸಲಾನೂ ಆರ್ತು.

"ಅವ್ವಾ, ನಾನು ದೀಪ ಇಳಿಸ್ಲೇ ಇಲ್ಲ. ಜೋಳಾನೂ ಕಡೀಲಿಲ್ಲ. ಒಂದೇ ಕಾಳು, ಅದೂ ಮೇಲಿಂದು. ನನ್ನ ಕಳಿಸ್ಬಿಡಿ."

"ಕೋಳಿ ಹಸ್ದವೆ. ಹೋಗಿ ತೌಡು ಕಲಸು" ಅಂದ್ಲು ಅವ್ವ.

ಕೆಟ್ಟ ಜೋಳಾನ ಪೂರ್ತಿ ಹೊರಗೆ ತೆಗ್ದು ಆಳವಾಗಿ ಹೂಳ್ಬೇಕು ಅಂತ ಅವ್ವ ಹೇಳಿದ್ಲು. ತೊಳ್ದು ಒಣಗ್ಸಿದ್ರೆ ಒಂದೆರಡು ಮೂಟೆ ಆದ್ರೂ ಉಳೀಬೌದೇನೋ ಅಂತ ಜವರಾಯಿ ನಾಲಿಗೆ ತುದಿಗೆ ಬಂತು. ಬೂಷ್ಟು ಹಿಡ್ದ ಕಾಳು ತೊಳ್ದ್ರೂ ವಿಷಾನೇ ಅನ್ನೋದು ಗೊತ್ತಿದ್ದೋನೇ, ಹಾಳು ಆಸೆ. ನುಂಗ್ಕೊಂಡ.

ನಾಕು ದಿನ ಅವ್ನು ಹೊಂಗೆ ಸೊಪ್ಪಿನ ಕಂತೆ ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸೋದು, ಎತ್ತೋದು, ಇಳಿಸೋದು, ಎತ್ತೋದು. ಒಳಗಿನ ಗಾಳಿ ಕಲಕೋಕೆ ಅದೇ ದಾರಿ. ಅಂಗೈಲಿ ಬೊಬ್ಬೆ ಎದ್ದು ಒಡೆದ್ವು.

ಆ ನಾಕು ದಿನ ಮಂಚಮ್ಮ ಅವ್ನ ಜೊತೆ ಮಾತಾಡ್ಲಿಲ್ಲ. ಕೋಳಿ ಜೊತೆ ಮಾತಾಡಿದ್ಲು, ನೀರಿನ ಕೊಡದ ಜೊತೆ ಮಾತಾಡಿದ್ಲು. ಇವ್ನು ಎದ್ರಿಗೆ ಬಂದ್ರೆ ಬಾಯಿ ಮುಚ್ಚೋಳು. ಬೈದಿದ್ರೆ ತಡ್ಕೊಂಡಿರೋನು. ಆ ಸುಮ್ಮನಿರೋದನ್ನ ಕೇಳಿ ಕೇಳಿ ಅವ್ನಿಗೆ ಅನ್ನ ಇಳೀಲಿಲ್ಲ.

ಐದನೇ ದಿನ ನೆತ್ತಿ ಹೊತ್ತಲ್ಲಿ ಅವ್ವ ಅವ್ನನ್ನ ಕರೆದ್ಲು.

ಹಗೇವಿನ ಹತ್ರ ಮಂಚಮ್ಮ ಕೂತಿದ್ಲು. ಪಕ್ಕದಲ್ಲಿ ಹಗ್ಗ ಕಟ್ಟಿದ ದೀಪ ಇತ್ತು. ಉರೀತಿರ್ಲಿಲ್ಲ.

"ದೀಪ ಇಳಿಸಿ ನೋಡ್ದೆ" ಅಂದ್ಲು ಮಂಚಮ್ಮ. ಐದು ದಿನಕ್ಕೆ ಅವ್ನಿಗೆ ಆಡಿದ ಮೊದಲ್ನೇ ಮಾತು. "ತಳದ ತನಕ ಉರೀತು. ಎಣ್ಣೆ ಯಾಕೆ ದಂಡ ಅಂತ ಆರಿಸ್ದೆ."

ಅವ್ವ ದಪ್ಪ ಹಗ್ಗ ತಂದು ಜವರಾಯಿ ಸೊಂಟಕ್ಕೆ ಬಿಗಿದ್ಲು. ಅದನ್ನ ಹೊಂಗೆ ಮರಕ್ಕೆ ಒಂದು ಸುತ್ತು ಹಾಕಿ, ಆಚೆ ತುದೀನ ಮಂಚಮ್ಮನ ಕೈಗೆ ಕೊಟ್ಲು.

ಜವರಾಯಿ ದೀಪದ ಬತ್ತಿ ನೋಡ್ದ. ಕಪ್ಪು. ಹಗೇವಿನೊಳಗೆ ನೋಡ್ದ. ಅದೂ ಕಪ್ಪು. ಮಂಚಮ್ಮನ ಮುಖ ನೋಡ್ದ. ಅವ್ಳು ಹೊಳೆ ಕಡೆ ನೋಡ್ತಿದ್ಲು.

ಅಂಚಲ್ಲಿ ಕೂತ. ಒಂದು ಕಾಲು ಇಳಿಬಿಟ್ಟ. ಇನ್ನೊಂದು ಕಾಲು ನೆಲ ಬಿಟ್ಟು ಏಳ್ಲಿಲ್ಲ.

"ಅವ್ವಾ" ಅಂದ. "ಇನ್ನೊಂದ್ಸಲ ನಾನೇ ದೀಪ ಇಳಿಸಿ ನೋಡ್ಲಾ?"

ಅವ್ವ ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗ್ದು ಅವ್ನ ಬೊಬ್ಬೆ ಕೈಲಿ ಇಟ್ಲು.

"ನೋಡು ಮಗಾ, ಎಷ್ಟು ಸಲ ಬೇಕಾದ್ರೂ ನೋಡು. ಮಂಚಿ ಅವತ್ತು ನಿನ್ನ ಮಾತೇ ಸಾಕು ಅಂತ ನೋಡ್ಲಿಲ್ಲ, ಅಷ್ಟೇಯ."