ಶುಭ ತಿಂಗಳಿಗೆ ಕಾದ ಗಾಲ್ಫ್ ಕೋಲು

ಇದನ್ನು ನನಗೆ ಮೊದಲು ಹೇಳಿದವರು ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ಪುಟ್ಟತಾಯಮ್ಮ.

ಅಂಗಡಿಯ ಗಾಜಿನ ಹಿಂದೆ ವರ್ಷದಿಂದ ನಿಂತಿದ್ದ ಹೊಸ ಗಾಲ್ಫ್ ಕೋಲು, ಹಿಡಿಕೆಯ ರಬ್ಬರ್ ಬದಲಿಸಿಕೊಳ್ಳಲು ಬಂದ ಹಳೆಯ ಕೋಲನ್ನು ಕೇಳಿತು: "ಅಕ್ಕಾ, ಹುಲ್ಲು ಹೇಗಿರುತ್ತದೆ?"

"ಬೆಳಿಗ್ಗೆ ತಣ್ಣಗಿರುತ್ತದೆ. ನಿನ್ನನ್ನು ಇನ್ನೂ ಯಾರೂ ಕೊಳ್ಳಲಿಲ್ಲವೆ?"

"ಆಗಾಗ ಬಂದು ನನ್ನನ್ನು ನೋಡಿಹೋಗುವ ಶೇಷಗಿರಿರಾಯರು ಕೊಳ್ಳುತ್ತಾರೆ. ಆಷಾಢದಲ್ಲಿ ಅರ್ಧ ಬೆಲೆಯಿತ್ತು, ಆದರೆ ಆಗ ಹೊಸದು ಮನೆಗೆ ತರಬಾರದಂತೆ. ಶ್ರಾವಣ ಶುಭವೇ, ಆದರೆ ಮಳೆ. ದಸರೆಗೆ ಬೆಲೆ ಏರಿತು. ಧನುರ್ಮಾಸ ಮತ್ತೆ ಆಗದು. ನೀನು ಯಾವಾಗ ಹೋದೆ, ಅಕ್ಕಾ?"

"ಪಿತೃಪಕ್ಷದಲ್ಲಿ, ಪೂರ್ತಿ ಬೆಲೆಗೆ. ನಮ್ಮ ಯಜಮಾನಿಗೆ ಮಾರನೆಯ ಬೆಳಿಗ್ಗೆ ಆಡಬೇಕಿತ್ತು."

ಅಷ್ಟರಲ್ಲಿ ರಾಯರೇ ಬಂದರು. ಹೊಸ ಕೋಲನ್ನು ಎತ್ತಿ ಬೀಸಲು ಹೋದರು. ತೋಳು ಅರ್ಧಕ್ಕೇ ನಿಂತಿತು. "ಯುಗಾದಿಗೆ ನೋಡೋಣ ಬಿಡಿ" ಎಂದು ಕೋಲನ್ನು ಮತ್ತೆ ಅದರ ಜಾಗದಲ್ಲಿಟ್ಟು, ಹೆಗಲು ನೀವಿಕೊಳ್ಳುತ್ತ ಹೊರಟರು.

 ಹಳೆಯ ಕೋಲು ತನ್ನ ಗೀರಿನಲ್ಲಿ ಸಿಕ್ಕಿಕೊಂಡಿದ್ದ ಒಣಹುಲ್ಲಿನ ಒಂದು ಎಳೆಯನ್ನು ಹೊಸದರ ಪಾದದ ಬಳಿ ಉದುರಿಸಿ, ಕರೆದೊಯ್ಯಲು ಬಂದ ಯಜಮಾನಿಯ ಜೊತೆ ಮೈದಾನಕ್ಕೆ ಹೋಯಿತು.

ಒಳ್ಳೆಯ ಕಾಲಕ್ಕೆ ಕಾಯುತ್ತಿರುವವರು ನಿಮಗೆ ಗೊತ್ತಿದ್ದರೆ ಅವರಿಗೂ ಇದನ್ನು ಹೇಳಿ. ಹೇಳಲು ಆಷಾಢವಾದರೂ ಅಡ್ಡಿಯಿಲ್ಲ.