ಸಂಕವ್ವನ ಕೌದಿಯ ಸುಕ್ಕು

ಲೋಕಕ್ಕೆ ಇನ್ನೂ ಯಾರೂ ಏನನ್ನೂ ಹೊದಿಸಿರದ ಕಾಲವದು. ನಮ್ಮ ನಾಡು ಆಗ ಬರೀ ಬಂಡೆ. ಬಂಡೆಯೆಂದರೆ ಕಲ್ಲು, ಕಲ್ಲಿನ ಮೇಲೆ ಏನೂ ಬೆಳೆಯುವುದಿಲ್ಲ.

ಅದಕ್ಕೇ ಸಂಕವ್ವ ಎಂಬ ಅಜ್ಜಿ ನಾಡಿಗೊಂದು ಕೌದಿ ಹೊಲಿಯತೊಡಗಿದಳು. ಕೌದಿಯೆಂದರೆ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಇರುಳು ಕಪ್ಪು ಸೀರೆ ಕೊಟ್ಟಿತು, ಅದನ್ನು ಬಡಗಣಕ್ಕೆ ಹಾಸಿದಳು. ಸಂಜೆ ಕೆಂಪು ಸೀರೆ ಕೊಟ್ಟಿತು, ಅದನ್ನು ತೆಂಕಣಕ್ಕೆ ಹಾಸಿದಳು. ಕಡಲು ಮರಳಿನ ಬಣ್ಣದ ಸೆರಗು ಕೊಟ್ಟಿತು, ಅದನ್ನು ಪಡುವಣ ಅಂಚಿಗಿಟ್ಟಳು. ಅಡಿಯಲ್ಲಿ ತನ್ನ ಬಳಿಯಿದ್ದ ಬೀಜವನ್ನೆಲ್ಲ ಹರಡಿದಳು. ಲೋಕದಲ್ಲಿ ಬೇರೆ ಬೀಜವೇ ಇರಲಿಲ್ಲ.

ಕೌದಿ ಹೊಲಿಯುವವರು ಮೊದಲು ಎಲ್ಲ ಅಂಚಿಗೂ ಒಂದೊಂದು ಹೊಲಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬಟ್ಟೆ ಜರುಗುತ್ತದೆ. ಅವಸರದಲ್ಲಿ ಸಂಕವ್ವ ಪಡುವಣ ಅಂಚನ್ನು ಮರೆತು, ಮೂಡಣದಿಂದ ಹೊಲಿಯುತ್ತ ಬಂದಳು. ಬಟ್ಟೆ ಜರುಗಿತು, ಇನ್ನೂ ಜರುಗಿತು. ಕಡಲ ಹತ್ತಿರ ಉದ್ದಕ್ಕೂ ದೊಡ್ಡ ಸುಕ್ಕೊಂದು ಎದ್ದು ನಿಂತಿತು.

"ಏನವ್ವಾ ಸಂಕವ್ವ, ಇದು ಕೌದಿಯೋ, ಬಟ್ಟೆಯ ಗಂಟೋ?" ಎಂದು ಕಡಲು ನಕ್ಕಿತು.

"ನಗವ್ವಾ, ನಗು. ಸೀರೆ ಕೇಳಿದರೆ ಸೆರಗು ಹರಿದು ಕೊಟ್ಟವಳು ನೀನು," ಎಂದಳು ಸಂಕವ್ವ.

ಬಾಯಲ್ಲಿ ಹಾಗೆಂದರೂ ಅವಳ ಕಣ್ಣು ಸುಕ್ಕಿನ ಮೇಲೇ ಇತ್ತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಬೀಜ ಆಗಲೇ ಒಣಗುತ್ತಿತ್ತು. ಬೀಜ ಸತ್ತರೆ ನಾಡು ಎಂದೆಂದಿಗೂ ಬೋಳೇ. ಮೋಡಗಳೋ, ಅಷ್ಟು ದಿನವೂ ನುಣ್ಣನೆಯ ಬಂಡೆಯ ಮೇಲೆ ಜಾರಿಕೊಂಡು, ಒಂದು ಹನಿಯನ್ನೂ ಉದುರಿಸದೆ ಹೋಗಿಬಿಡುತ್ತಿದ್ದವು.

"ಇವತ್ತಾದರೂ ನಿಲ್ಲಪ್ಪಾ," ಎಂದು ಸಂಕವ್ವ ಕಡಲ ಕಡೆಯಿಂದ ಬರುತ್ತಿದ್ದ ಮೋಡವನ್ನು ಬೇಡಿಕೊಂಡಳು.

"ನಿಲ್ಲೋಕೆ ಜಾಗ ಎಲ್ಲಿದೆ ಅಜ್ಜಿ," ಎನ್ನುತ್ತಲೇ ಮೋಡ ತೇಲಿ ಬಂತು. ಬಂದದ್ದೇ, ಸುಕ್ಕಿಗೆ ಹೊಟ್ಟೆ ತಗುಲಿ ನಿಂತುಬಿಟ್ಟಿತು.

"ದಾಟೋಕೇ ಆಗ್ತಿಲ್ಲ ಅಜ್ಜಿ. ಸ್ವಲ್ಪ ಭಾರ ಇಳಿಸಿಕೊಳ್ಳಲಾ?"

"ಇಳಿಸಪ್ಪಾ, ಧಾರಾಳವಾಗಿ ಇಳಿಸು."

ಮಳೆ ಧೋ ಎಂದು ಸುರಿಯಿತು. ಹಗುರಾದ ಮೋಡ ಸುಕ್ಕನ್ನು ಹತ್ತಿ, ಉಳಿದ ನೀರನ್ನು ಆಚೆಗೆ ಚಿಮುಕಿಸಿತು.

"ಈ ಕಡೆಗೆ ಉಳಿದದ್ದು ಇಷ್ಟೇ," ಎಂದು ಮೋಡ ನಾಚಿಕೊಂಡಿತು.

"ಸಾಕು ಬಿಡು. ಕಪ್ಪು ಬಟ್ಟೆ ಕುಡಿದ ನೀರನ್ನು ಬಿಟ್ಟುಕೊಡೋದಿಲ್ಲ, ಜೋಳ ಬರುತ್ತೆ. ಕೆಂಪಿನಲ್ಲಿ ರಾಗಿ ಬರುತ್ತೆ."

ಹೊಲಿಗೆಯ ಸಂದಿನಿಂದ ಮೊದಲ ಮೊಳಕೆ ಇಣುಕಿತು. ಸಂಕವ್ವ ಸೂಜಿ ಕೆಳಗಿಟ್ಟು, ಕಾಲು ಚಾಚಿ, ನಿಡಿದಾಗಿ ಉಸಿರು ಬಿಟ್ಟಳು. ಆ ಸುಕ್ಕನ್ನು ಅವಳು ಬಿಚ್ಚಲೇ ಇಲ್ಲ.

ಅದಕ್ಕೇ ಮಗು, ಇವತ್ತಿಗೂ ಕರಾವಳಿಯ ಮರಳಿನಿಂದ ಹೊರಟ ಬಸ್ಸು ಮಳೆಯಲ್ಲಿ ತೊಯ್ದ ಘಟ್ಟವನ್ನು ಸುತ್ತಿ ಸುತ್ತಿ ಹತ್ತುತ್ತದೆ, ಆಚೆಯ ಬಯಲಿನಲ್ಲಿ ಬಿಸಿಲು ಬಿದ್ದಿರುತ್ತದೆ, ಕಿಟಕಿಯಲ್ಲಿ ನಿನಗೆ ಒಮ್ಮೆ ಕೆಂಪು ಮಣ್ಣು, ಒಮ್ಮೆ ಕಪ್ಪು ಮಣ್ಣು ಕಾಣುತ್ತದೆ.